ಸರಾಸರಿ ಮುಚ್ಚಿಡುವ ಸತ್ಯ

1943ರ ಆರಂಭ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಅಧ್ಯಾಪಕರ ನೃತ್ಯಕೂಟವೊಂದರಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ಒಂದೊಂದೇ ನಾಣ್ಯ ಹಾಕುತ್ತಿದ್ದರು. ಇಟಲಿಯಿಂದ ವಲಸೆ ಬಂದಿದ್ದ ಜೀವವಿಜ್ಞಾನಿ ಸಾಲ್ವಡೋರ್ ಲೂರಿಯಾ ಅವರನ್ನು ಛೇಡಿಸುತ್ತಿದ್ದಂತೆಯೇ ಯಂತ್ರದಿಂದ ನಾಣ್ಯಗಳು ಸುರಿದವು. ಬಹಳ ಸಲ ಸೊನ್ನೆ, ಎಂದೋ ಒಮ್ಮೆ ರಾಶಿ! ತಮ್ಮನ್ನು ಕಾಡುತ್ತಿದ್ದ ಪ್ರಶ್ನೆಗೆ ಲೂರಿಯಾಗೆ ಅಲ್ಲೇ ದಾರಿ ಹೊಳೆಯಿತು.

ಪ್ರಶ್ನೆ ಇಷ್ಟೇ. ಬ್ಯಾಕ್ಟೀರಿಯಾಗಳ ಮೇಲೆ ವೈರಸ್ ಬಿಟ್ಟರೆ ಬಹುತೇಕ ಎಲ್ಲವೂ ಸಾಯುತ್ತವೆ. ಕೆಲವು ಮಾತ್ರ ಬದುಕುತ್ತವೆ. ಅವುಗಳ ಸಂತತಿಗೂ ಆ ವೈರಸ್ ಏನೂ ಮಾಡಲಾರದು. ಈ ಶಕ್ತಿ ಬಂದದ್ದು ಯಾವಾಗ? ವೈರಸ್ ಎದುರಾದ ಮೇಲೆಯೇ, ಅಥವಾ ಅದಕ್ಕೂ ಮೊದಲೇ ಆಕಸ್ಮಿಕ ಉತ್ಪರಿವರ್ತನೆಯಿಂದಲೇ? ಬದುಕುಳಿದವುಗಳನ್ನು ಬರೀ ಎಣಿಸಿದರೆ ಉತ್ತರ ಸಿಗದು. ಎರಡು ವಾದಗಳೂ ಆ ಎಣಿಕೆಗೆ ಹೊಂದುತ್ತವೆ.

ಆದ್ದರಿಂದ ಎರಡು ವಾದಗಳು ಬೇರೆಬೇರೆ ಫಲ ನುಡಿಯುವಂಥ ಪ್ರಯೋಗ ಬೇಕಿತ್ತು. ಲೂರಿಯಾ ಅನೇಕ ನಳಿಕೆಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕವಾಗಿ ಬೆಳೆಸಿ, ಆಮೇಲೆ ವೈರಸ್‌ಗೆ ಒಡ್ಡಿದರು. ಮೊದಲ ವಾದ ನಿಜವಾದರೆ ಎಲ್ಲ ನಳಿಕೆಗಳ ಲೆಕ್ಕವೂ ಸರಾಸರಿಯ ಆಸುಪಾಸಿನಲ್ಲೇ ಇರಬೇಕು. ಎರಡನೆಯದು ನಿಜವಾದರೆ, ಬೇಗ ಉತ್ಪರಿವರ್ತನೆಯಾದ ನಳಿಕೆಯಲ್ಲಿ ಅದರ ಸಂತತಿ ದುಪ್ಪಟ್ಟಾಗುತ್ತ ಹೋಗಿ ರಾಶಿಯಾಗಿರಬೇಕು. ತಡವಾಗಿ ಆದಲ್ಲಿ ಒಂದೆರಡು, ಆಗದೇ ಇದ್ದಲ್ಲಿ ಸೊನ್ನೆ. ಇದರ ಗಣಿತವನ್ನು ಬಿಡಿಸಿದವರು ಜರ್ಮನಿಯಿಂದ ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಡೆಲ್‌ಬ್ರೂಕ್. ಯುದ್ಧದ ಆ ದಿನಗಳಲ್ಲಿ ಅಮೆರಿಕದ ಕಡತಗಳಲ್ಲಿ ಇಬ್ಬರೂ ಶತ್ರುದೇಶದ ಪ್ರಜೆಗಳು!

ಒಂದು ಪ್ರಯೋಗದ 20 ನಳಿಕೆಗಳಲ್ಲಿ 11ರಲ್ಲಿ ಬದುಕುಳಿದದ್ದು ಸೊನ್ನೆ. ಒಂದರಲ್ಲಿ 107, ಇನ್ನೊಂದರಲ್ಲಿ 64. ಇದು ಕೈತಪ್ಪಿನಿಂದಾದ ಏರುಪೇರು ಇರಬಹುದಲ್ಲ? ಆ ಅನುಮಾನಕ್ಕೂ ಉತ್ತರ ಸಿದ್ಧವಿತ್ತು. ಒಂದೇ ಪಾತ್ರೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳಿಂದ 10 ಮಾದರಿ ತೆಗೆದು ನೋಡಿದಾಗ ಎಲ್ಲ ಎಣಿಕೆಗಳೂ 13ರಿಂದ 26ರೊಳಗೇ ಇದ್ದವು. ಅಂದಮೇಲೆ ಏರುಪೇರು ಹುಟ್ಟಿದ್ದು ನಳಿಕೆಗಳೊಳಗೆ, ವೈರಸ್ ಬರುವ ಮೊದಲೇ.

ಅದೇ ವರ್ಷ 'ಜೆನೆಟಿಕ್ಸ್' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. 1969ರಲ್ಲಿ ಆಲ್‌ಫ್ರೆಡ್ ಹರ್ಷಿ ಜೊತೆ ಇಬ್ಬರಿಗೂ ನೊಬೆಲ್ ಬಂತು. ಔಷಧಕ್ಕೆ ಬಗ್ಗದ ರೋಗಾಣುಗಳ ಬಗ್ಗೆ ಇಂದು ಯೋಚಿಸುವಾಗಲೂ ಈ ಪ್ರಯೋಗ ನೆನಪಾಗುತ್ತದೆ.

ಆ 20 ನಳಿಕೆಗಳ ಸರಾಸರಿ 11ಕ್ಕಿಂತ ತುಸು ಹೆಚ್ಚು, ಅಷ್ಟೇ. ಅವರು ಆ ಒಂದು ಅಂಕಿಯನ್ನಷ್ಟೇ ಬರೆದುಕೊಂಡು ಸುಮ್ಮನಾಗಿದ್ದರೆ, ಸೊನ್ನೆಗಳ ಜೊತೆ 107 ಕೂಡ ಅದರಲ್ಲಿ ಕರಗಿಹೋಗುತ್ತಿತ್ತು.