ಕಂಟಕಶೋಧಕನ ಆತ್ಮಕಥೆ
(ಮೆಡೋಸ್ ಟೇಲರನ ಪೋಲೀಸು ದಿನಗಳೂ ಸುರಪುರದ ನೆನಪುಗಳೂ)

ಪ್ರಜಾರಕ್ಷಣೆಯು ರಾಜಧರ್ಮಗಳಲ್ಲಿ ಮೊದಲನೆಯದೆಂದು ನಮ್ಮ ಶಾಸ್ತ್ರಕಾರರು ಒಮ್ಮತದಿಂದ ಹೇಳಿರುವರು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣವನ್ನು ಈ ವಿಷಯಕ್ಕೇ ಮೀಸಲಾಗಿಟ್ಟು, ಅದಕ್ಕೆ ಕಂಟಕಶೋಧನವೆಂದು ಹೆಸರಿಟ್ಟನು. ಕಾಲಿಗೆ ಚುಚ್ಚಿದ ಮುಳ್ಳನ್ನು ಹುಡುಕಿ ಕೀಳುವಂತೆ ಜನಪೀಡಕರನ್ನು ಹುಡುಕಿ ತೆಗೆಯುವುದೆಂದು ಇದರ ಭಾವ. ಆ ಮಹಾಮತಿಯು ಕತ್ತಿ ಹಿಡಿದ ಕಳ್ಳರಿಗಿಂತ ಮುಂಚೆ ತಕ್ಕಡಿ ಹಿಡಿದ ಕಳ್ಳರ ವಿಚಾರವನ್ನು ಎತ್ತಿಕೊಂಡಿರುವುದು ಗಮನಿಸತಕ್ಕ ಸಂಗತಿ. ಸುಳ್ಳು ತೂಕದ ವರ್ತಕನು ಕಳ್ಳನೆಂಬ ಹೆಸರನ್ನು ಹೊರದ ಕಳ್ಳನೆಂಬುದು ಆತನ ಮತ. ಈ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳವರು ಮೈಸೂರಿನಲ್ಲಿ 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಅದಕ್ಕೆ ಎಂಬತ್ತು ವರ್ಷಗಳಷ್ಟು ಹಿಂದೆಯೇ, ಕೌಟಿಲ್ಯನ ಹೆಸರನ್ನೂ ಕೇಳಿರಲಾರದ ಒಬ್ಬ ಆಂಗ್ಲ ತರುಣನು ನಿಜಾಮರ ಸೀಮೆಯಲ್ಲಿ ಇದೇ ಕ್ರಮದಿಂದ ಕಂಟಕಶೋಧನಕ್ಕೆ ತೊಡಗಿದನು. ಫಿಲಿಪ್ ಮೆಡೋಸ್ ಟೇಲರನೆಂಬ ಈ ಅಧಿಕಾರಿಯು ಮುಂದೆ ನಮ್ಮ ಸುರಪುರದ ಇತಿಹಾಸದಲ್ಲಿ ಅಳಿಸಲಾಗದಂತೆ ಬೆರೆತುಹೋದವನಾದುದರಿಂದ, ಆತನ ಚರಿತ್ರೆಯು ಕನ್ನಡಿಗರಿಗೆ ಪರಕೀಯವಲ್ಲ.

ಟೇಲರನು 1808ರ ಸೆಪ್ಟೆಂಬರ್ ತಿಂಗಳಲ್ಲಿ ಲಿವರ್ಪೂಲ್ ನಗರದಲ್ಲಿ ಹುಟ್ಟಿದನು. ತಂದೆಯ ವ್ಯಾಪಾರವು ಕುಸಿದುದರಿಂದ ಹುಡುಗನು ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ನಿಲ್ಲಬೇಕಾಯಿತು. ಮುಂಬಯಿಯ ಒಬ್ಬ ವರ್ತಕನು ಅವನನ್ನು ತನ್ನ ಅಂಗಡಿಗೆ ತೆಗೆದುಕೊಂಡು, ಪ್ರಾಪ್ತವಯಸ್ಕನಾದ ಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುವೆನೆಂದು ಆಸೆ ತೋರಿಸಿದ್ದನು. ಹದಿನೈದು ವರ್ಷದ ಬಾಲಕನು 1824ರಲ್ಲಿ ಸಮುದ್ರವನ್ನು ದಾಟಿ ಬಂದು ನೋಡುವಲ್ಲಿ, ಪಾಲು ಕೊಡುವುದಕ್ಕೆ ಆ ಅಂಗಡಿಯಲ್ಲಿ ಸಾಲದ ಹೊರತು ಬೇರೇನೂ ಉಳಿದಿರಲಿಲ್ಲ! ತಾಯಿಯ ಕಡೆಯ ಬಂಧುವೊಬ್ಬನು ಮರುಕಗೊಂಡು ಅವನಿಗೆ ನಿಜಾಮರ ಸೈನ್ಯದಲ್ಲಿ ಒಂದು ಉದ್ಯೋಗವನ್ನು ದೊರಕಿಸಿಕೊಟ್ಟನು. ಕುಂಪಣಿಯ ಸೇವೆಯಲ್ಲದ ಈ ಉದ್ಯೋಗಕ್ಕೆ ಗೌರವವೂ ಕಡಿಮೆ, ಭರವಸೆಯೂ ಕಡಿಮೆ. ಆದರೆ ಟೇಲರನು ನಿರಾಶನಾಗದೆ ಹಿಂದೂಸ್ತಾನಿ, ಮರಾಠಿ, ಪಾರಸೀ ಭಾಷೆಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದನು. ಅವನ ಮುಂದಿನ ಏಳಿಗೆಗೆಲ್ಲ ಈ ಭಾಷಾಜ್ಞಾನವೇ ಮೂಲವಾಯಿತು. ಇಪ್ಪತ್ತು ತುಂಬುವುದಕ್ಕೆ ಮುಂಚೆಯೇ ಆತನಿಗೆ ರಾಜ್ಯದ ನೈರುತ್ಯ ಭಾಗದ ಸಹಾಯಕ ಪೋಲೀಸು ಅಧೀಕ್ಷಕನ ಹುದ್ದೆಯು ದೊರೆಯಿತು. ಸದಾಶಿವಪೇಟೆಯು ಆತನ ಠಾಣ್ಯವಾಯಿತು.

ಮೀಸೆ ಮೂಡುವ ವಯಸ್ಸು, ವಿಸ್ತಾರವಾದ ಸೀಮೆ, ಕೈಕೆಳಗೆ ಕೆಲವು ಸವಾರರು, ಕಾನೂನಿನ ಪುಸ್ತಕವೆಂಬುದು ಹೆಸರಿಗೂ ಇಲ್ಲ. ಇಂತಹ ಸ್ಥಿತಿಯಲ್ಲಿ ನ್ಯಾಯವೆಂಬುದು ಅಧಿಕಾರಿಯ ಬುದ್ಧಿಯನ್ನೂ ಮನಸ್ಸಾಕ್ಷಿಯನ್ನೂ ಅವಲಂಬಿಸಿರುತ್ತಿತ್ತು. ಟೇಲರನು ನಿವೃತ್ತನಾದ ಮೇಲೆ ಬರೆದ ಆತ್ಮಕಥೆಯಲ್ಲಿ ಈ ದಿನಗಳ ವೃತ್ತಾಂತವು ಬಲು ರಸವತ್ತಾಗಿದೆ. ಅವುಗಳಲ್ಲಿ ಹಿಟ್ಟಿನ ಪ್ರಸಂಗವೊಂದನ್ನು ಇಲ್ಲಿ ಹೇಳದೆ ಇರಲಾಗದು.

ಒಮ್ಮೆ ಆತನು ಸಂಚಾರದಲ್ಲಿದ್ದಾಗ ಯಾತ್ರಿಕರ ಗುಂಪೊಂದು ಬಂದು ಗೋಳಿಟ್ಟಿತು. ಅಂಗಡಿಕಾರರು ತೂಕದಲ್ಲಿ ಮೋಸಮಾಡುವುದಲ್ಲದೆ ಹಿಟ್ಟಿಗೆ ಮರಳನ್ನು ಬೆರೆಸಿ ಮಾರುತ್ತಿರುವರೆಂದು ಅವರ ದೂರು. ಟೇಲರನು ಅಂಗಡಿಕಾರರನ್ನೆಲ್ಲ ಕರೆಸಿದನು. ಅವರಲ್ಲಿ ಭಯವಾಗಲಿ ಪಶ್ಚಾತ್ತಾಪವಾಗಲಿ ಕಾಣಲಿಲ್ಲ. ಆಗ ಅಧಿಕಾರಿಯು ಕೋಪಗೊಳ್ಳದೆ, ಒಬ್ಬೊಬ್ಬನೂ ತನ್ನ ಅಂಗಡಿಯ ಹಿಟ್ಟನ್ನೇ ಇಷ್ಟಿಷ್ಟು ತೂಗಿ ಕೊಡಬೇಕೆಂದು ಅಪ್ಪಣೆಮಾಡಿದನು. ಆ ಹಿಟ್ಟನ್ನು ಯಾತ್ರಿಕರಲ್ಲಿದ್ದ ಹೆಂಗಸರ ಕೈಗೆ ಕೊಟ್ಟು ರೊಟ್ಟಿ ಸುಡಿಸಿದನು. ರೊಟ್ಟಿಗಳು ಸಿದ್ಧವಾದ ಮೇಲೆ ಅವುಗಳನ್ನು ಆಯಾ ಮಾಲಿಕರ ಮುಂದೆಯೇ ಇರಿಸಿ, ಈಗ ಊಟಮಾಡಬಹುದೆಂದು ವಿನಯದಿಂದ ಹೇಳಿದನು! ಹಲ್ಲಿಗೆ ಸಿಕ್ಕ ಮರಳು ಕರಕರನೆ ಸದ್ದುಮಾಡುತ್ತಿರಲು, ಸುತ್ತಲೂ ನೆರೆದ ಜನರು ನಕ್ಕು ಕೂಗಿ, ತಿನ್ನಿಸದೆ ಬಿಡಬಾರದೆಂದು ಒತ್ತಾಯಪಡಿಸಿದರು. ಕಡೆಗೆ ಅಂಗಡಿಕಾರರು ನೆಲಕ್ಕೆ ಬಿದ್ದು ಬೇಡಿಕೊಂಡಾಗ ಆತನು ಬಿಟ್ಟುಕೊಟ್ಟನು. ಬನಿಯರಿಗೆ ಅವರ ಹಿಟ್ಟನ್ನೇ ತಿನ್ನಿಸಿದ ಸಾಹೇಬನೆಂದು ಆತನ ಕೀರ್ತಿಯು ಸೀಮೆಯಲ್ಲೆಲ್ಲ ಹರಡಿತು. ಮುಂದೆ ಪಡೆದ ಪದವಿಗಳಿಗಿಂತ ಈ ಬಿರುದಿನ ಮೇಲೆಯೇ ಟೇಲರನಿಗೆ ಮಮತೆ ಹೆಚ್ಚೆಂಬುದು ಆತನ ಬರವಣಿಗೆಯ ಉತ್ಸಾಹದಿಂದ ತಿಳಿದುಬರುತ್ತದೆ. ಯಾರ ಬೆನ್ನಿನ ಮೇಲೂ ಒಂದು ಏಟು ಬೀಳದೆ, ಒಂದು ಕಾಸಿನ ದಂಡವೂ ಇಲ್ಲದೆ ಮುಗಿದ ಈ ತೀರ್ಪು ಕೌಟಿಲ್ಯನಿಗೂ ಮೆಚ್ಚಿಗೆಯಾಗುತ್ತಿದ್ದಿತೋ ಏನೋ. ಆದರೆ ಬೊಕ್ಕಸಕ್ಕೆ ಆದಾಯವಿಲ್ಲದಿರುವುದಕ್ಕಾಗಿ ಆತನು ಹುಬ್ಬುಗಂಟಿಕ್ಕದೆ ಇರುತ್ತಿರಲಿಲ್ಲ.

ಇಷ್ಟು ಚುರುಕುಗಣ್ಣಿನ ಅಧಿಕಾರಿಯ ಕಣ್ಣಿಗೆ ಬೀಳದೆ ಉಳಿದ ಸಂಗತಿಯೊಂದು ಅದೇ ಸೀಮೆಯಲ್ಲಿ ನಡೆಯುತ್ತಿದ್ದಿತು. ದಾರಿಹೋಕರೊಡನೆ ಸ್ನೇಹ ಬೆಳೆಸಿ, ವಿಶ್ವಾಸ ಹುಟ್ಟಿಸಿ, ನಿರ್ಜನವಾದ ಎಡೆಯಲ್ಲಿ ಅಂಗವಸ್ತ್ರದಿಂದ ಕೊರಳನ್ನು ಬಿಗಿದು ಕೊಂದು ಹೂಳುತ್ತಿದ್ದ ಠಕ್ಕರ ತಂಡಗಳು ಆತನ ಸೀಮೆಯಲ್ಲಿ ತಿರುಗಾಡುತ್ತಿದ್ದುವು. ಅಲ್ಲಲ್ಲಿ ಗುರುತು ಸಿಕ್ಕದ ಹೆಣಗಳು ದೊರೆತು ಟೇಲರನಿಗೆ ಸಂದೇಹವು ಹುಟ್ಟಿದ್ದಿತು. ಅದನ್ನು ಬೆನ್ನಟ್ಟುವಷ್ಟರಲ್ಲಿ 1829ನೆಯ ಇಸವಿಯು ಬಂದಿತು. ಹೊಸದಾಗಿ ಪಟ್ಟಕ್ಕೆ ಬಂದ ನಿಜಾಮ ನಾಸಿರುದ್ದೌಲನು ತನ್ನ ಜಿಲ್ಲೆಗಳಿಂದ ಆಂಗ್ಲ ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಕೇಳಲು, ಗವರ್ನರ್ ಜನರಲ್ಲನು ಒಪ್ಪಿದನು. ಟೇಲರನು ಪೋಲೀಸು ಕೆಲಸವನ್ನು ಬಿಟ್ಟು ಸೈನ್ಯಕ್ಕೆ ಮರಳಬೇಕಾಯಿತು. ಠಕ್ಕರನ್ನು ಬಯಲಿಗೆಳೆದ ಕೀರ್ತಿಯು ಉತ್ತರದಲ್ಲಿ ವಿಲಿಯಂ ಸ್ಲೀಮನ್ನನಿಗೆ ಸಂದಿತು. ಇನ್ನು ಸ್ವಲ್ಪ ಕಾಲ ತನ್ನನ್ನು ಅಲ್ಲಿಯೇ ಇರಗೊಟ್ಟಿದ್ದರೆ ಆ ಯಶಸ್ಸು ತನ್ನದಾಗುತ್ತಿದ್ದಿತೆಂಬ ಕೊರಗು ಮುದುಕನಾದ ಮೇಲೂ ಟೇಲರನನ್ನು ಬಿಡಲಿಲ್ಲ.

ಕೊರಗಿಗಿಂತ ದೊಡ್ಡದಾದ ಪೆಟ್ಟು 1832ರಲ್ಲಿ ಕಾದಿದ್ದಿತು. ತಪ್ಪೊಪ್ಪಿಕೊಂಡು ಸರ್ಕಾರದ ಸಾಕ್ಷಿಗಳಾದ ಠಕ್ಕರನ್ನು ಆ ವರ್ಷ ನಿಜಾಮರ ಸೀಮೆಗೆ ಕರೆತಂದರು. ಅವರ ಹೇಳಿಕೆಗಳನ್ನು ಕೇಳುತ್ತ ಹೋದಂತೆ, ತಾನು ನೆಮ್ಮದಿಯಿಂದಿದೆಯೆಂದು ಭಾವಿಸಿದ್ದ ಸೀಮೆಯಲ್ಲಿಯೇ, ತಾನು ಅಧಿಕಾರದಲ್ಲಿದ್ದ ವರ್ಷಗಳಲ್ಲಿಯೇ ಕೊಲೆಗಳು ನಡೆದುವೆಂಬುದು ಟೇಲರನಿಗೆ ತಿಳಿಯಿತು. ಮರಳು ಬೆರೆತ ಹಿಟ್ಟನ್ನು ಕಂಡುಹಿಡಿದವನಿಗೆ ನೆಲದೊಳಗಿನ ಹೆಣಗಳು ಕಾಣಲಿಲ್ಲ. ಕಾರಣವೂ ಸ್ಪಷ್ಟವೇ. ಹಿಟ್ಟು ಕೊಂಡವನು ಬದುಕಿದ್ದು ಬಂದು ದೂರು ಹೇಳಿದನು. ಠಕ್ಕರ ಕೈಗೆ ಸಿಕ್ಕಿದವನು ದೂರು ಹೇಳುವುದಕ್ಕೆ ಉಳಿಯಲಿಲ್ಲ. ಮನೆಯವರು ಆತನು ಇನ್ನೂ ದಾರಿಯಲ್ಲಿರುವನೆಂದೇ ತಿಳಿದಿರುತ್ತಿದ್ದರು. ದೂರು ಬಾರದಿರುವುದೇ ಕ್ಷೇಮದ ಗುರುತೆಂದು ತಿಳಿಯುವುದು ಎಲ್ಲ ಕಾಲದ ಅಧಿಕಾರಿಗಳಿಗೂ ಸಹಜವಾದ ದೋಷ. ಟೇಲರನು ಇದನ್ನು ಮುಚ್ಚಿಡದೆ ಬರೆದಿರುವುದು ಆತನ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ.

ಈ ಹೇಳಿಕೆಗಳ ಆಧಾರದಿಂದ ಆತನು ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ವಿಕ್ಟೋರಿಯಾ ರಾಣಿಯು ಅಚ್ಚಾಗುತ್ತಿದ್ದಂತೆಯೇ ಅದರ ಹಾಳೆಗಳನ್ನು ತರಿಸಿಕೊಂಡು ಓದಿದಳಂತೆ. ಕಥಾನಾಯಕನಾದ ಅಮೀರಾಲಿಯು 719 ಕೊಲೆಗಳಲ್ಲಿ ತಾನು ಭಾಗಿಯೆಂದು ಒಪ್ಪಿಕೊಂಡು, ನಡುವೆ ಸೆರೆವಾಸವು ಒದಗದಿದ್ದರೆ ಸಾವಿರ ತುಂಬುತ್ತಿದ್ದಿತಲ್ಲಾ ಎಂದು ಹಳಹಳಿಸುವನು! ನಗಬೇಕೋ ನಡುಗಬೇಕೋ ತಿಳಿಯದಂತಹ ಮಾತಿದು. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನು ಕನ್ನ ಕೊರೆಯುವ ವಿದ್ಯೆಯನ್ನು ಶಾಸ್ತ್ರದಂತೆ ವಿವರಿಸುವುದನ್ನು ಓದಿದವರಿಗೆ ಈ ವೃತ್ತಿಗರ್ವವು ಹೊಸದಾಗಿ ತೋರಲಾರದು. ಠಕ್ಕರೆಲ್ಲರೂ ಕಾಳಿಯ ಉಪಾಸಕರಾಗಿ ಒಂದೇ ಮತಕ್ಕೆ ಸೇರಿದವರೆಂಬ ಅಂದಿನ ಕಲ್ಪನೆಯನ್ನು ಇಂದಿನ ಇತಿಹಾಸಜ್ಞರಲ್ಲಿ ಅನೇಕರು ಹಾಗೆಯೇ ಒಪ್ಪುವುದಿಲ್ಲ. ಕ್ಷಮೆಯ ಆಸೆಯಿಂದ ಆಡಿದ ಮಾತುಗಳನ್ನು ಅಳೆದು ನೋಡಬೇಕೆಂಬುದು ಅವರ ವಾದ. ಅದು ಯುಕ್ತವೇ ಆಗಿದೆ.

ಟೇಲರನು ನಮ್ಮ ಕನ್ನಡ ನೆಲಕ್ಕೆ ಬಂದುದು 1841ರಲ್ಲಿ. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರವು ಅಂದು ಬೇಡ ನಾಯಕರ ಸಂಸ್ಥಾನವಾಗಿದ್ದಿತು. ದೊರೆಯಾದ ಕೃಷ್ಣಪ್ಪನಾಯಕನು ತೀರಿಕೊಂಡಿದ್ದನು. ಮಗ ವೆಂಕಟಪ್ಪನಾಯಕನು ಚಿಕ್ಕ ಹುಡುಗ. ರಾಣಿ ಈಶ್ವರಮ್ಮನಿಗೂ ಮೈದುನ ಪಿಡ್ಡನಾಯಕನಿಗೂ ಅಧಿಕಾರಕ್ಕಾಗಿ ಸೆಣಸಾಟ. ನಿಜಾಮರಿಗೆ ಸಲ್ಲಬೇಕಾದ ಸಾಲವು ಬೆಟ್ಟದಷ್ಟು. ಇದನ್ನೆಲ್ಲ ಸರಿಪಡಿಸುವುದಕ್ಕೆ ಕುಂಪಣಿಯವರು ಟೇಲರನನ್ನು ಕಳುಹಿಸಿದರು. ಆತನು ಹನ್ನೆರಡು ವರ್ಷ ಅಲ್ಲಿದ್ದು ಸಾಲವನ್ನು ತೀರಿಸುವ ಏರ್ಪಾಡು ಮಾಡಿದನು, ರಸ್ತೆಗಳನ್ನು ಹಾಕಿಸಿದನು, ಬೋನಾಳದ ಕೆರೆಯನ್ನು ಹೆಚ್ಚಿಸಿದನು, ರಾಜನಕೋಳೂರು ಮೊದಲಾದೆಡೆಗಳ ಪುರಾತನ ಶಿಲಾಸಮಾಧಿಗಳನ್ನು ಶೋಧಿಸಿ ಬರೆದಿಟ್ಟನು. ಗುಡ್ಡದ ಮೇಲೆ ಆತನು ಕಟ್ಟಿಸಿದ ಟೇಲರ್ ಮಂಜಿಲ್ ಎಂಬ ಬಂಗಲೆಯು ಇಂದಿಗೂ ಉಳಿದಿದೆ. 1844ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಆತನಿಗೆ ಬಾಲರಾಜನ ಸಂಗವೇ ಮನೆಯ ಸುಖದ ಸ್ಥಾನವನ್ನು ತುಂಬಿತು. ಹುಡುಗನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು.

ಒಮ್ಮೆ ರಾಣಿ ಈಶ್ವರಮ್ಮನು ಕಾಯಿಲೆ ಬಿದ್ದು, ತಾನಿನ್ನು ಉಳಿಯಲಾರೆನೆಂದು ಹೆದರಿ ಟೇಲರನನ್ನು ಕರೆಸಿಕೊಂಡಳು. ಮಗನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷಕ್ಕೆ ಮರಣವಿರುವುದೆಂಬ ಗುಟ್ಟನ್ನು ಆಗ ಹೊರಗೆಡಹಿದಳು. ರಾಣಿಯೇನೋ ಗುಣಹೊಂದಿದಳು, ಗುಟ್ಟು ಮಾತ್ರ ಟೇಲರನ ಎದೆಯಲ್ಲಿ ಉಳಿಯಿತು. ಕಣ್ಣಿಗೆ ಕಂಡುದನ್ನಲ್ಲದೆ ನಂಬೆನೆಂಬ ಪೋಲೀಸು ಬುದ್ಧಿಯ ಅಧಿಕಾರಿಯು ಜ್ಯೋತಿಷ್ಯವನ್ನು ನಗೆಗೆ ಈಡುಮಾಡುವುದು ಸಹಜ. ಆದರೆ ಈ ವಿಷಯವನ್ನು ಬರೆಯುವಲ್ಲಿ ಆತನ ಲೇಖನಿಗೆ ನಗೆಯು ಬಾರದು.

1853ರಲ್ಲಿ ವೆಂಕಟಪ್ಪನಾಯಕನು ಪ್ರಾಪ್ತವಯಸ್ಕನಾಗಿ ರಾಜ್ಯಭಾರವನ್ನು ವಹಿಸಿಕೊಂಡನು. ಟೇಲರನು ನಳದುರ್ಗಕ್ಕೆ ಹೋದನು. ಅಲ್ಲಿಯ ಜನರು ‘ಮೆಡೋಸ್’ ಎಂಬ ತೊಡಕಿನ ಹೆಸರನ್ನು ತಮ್ಮ ನಾಲಗೆಗೆ ಹೊಂದಿಸಿ ‘ಮಹಾದೇವ ಬಾಬಾ’ ಎಂದು ಕರೆದರು. ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಹೊತ್ತಿಕೊಂಡಿತು. 1858ರ ಫೆಬ್ರವರಿಯಲ್ಲಿ ಸುರಪುರದ ದೊರೆಯೂ ಆಂಗ್ಲರ ಮೇಲೆ ಕತ್ತಿಯೆತ್ತಿದನು. ಕಾಳಗವು ಕೈಗೂಡದೆ ಹೋಗಲು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು. ಸೆರೆಯಲ್ಲಿದ್ದ ತರುಣನನ್ನು ನೋಡುವುದಕ್ಕೆ ಟೇಲರನು ಹೋದಾಗ, ಆತನು ಹಿಂದಿನಂತೆಯೇ ‘ಅಪ್ಪಾ’ ಎಂದು ಅಪ್ಪಿಕೊಂಡನು. ಕ್ಷಮೆಯನ್ನು ಬೇಡಲಿಲ್ಲ, ಕೊಲ್ಲುವುದಾದರೆ ತೋಪಿನ ಬಾಯಿಗೆ ಕಟ್ಟಿರಿ, ನಾಯಿಯಂತೆ ನೇಣಿಗೆ ಹಾಕಬೇಡಿರೆಂದು ಮಾತ್ರ ಕೇಳಿಕೊಂಡನು.

ವಿಚಾರಣೆಯಲ್ಲಿ ಮರಣದಂಡನೆಯು ವಿಧಿಸಲ್ಪಟ್ಟಿತು. ರೆಸಿಡೆಂಟನು ಅದನ್ನು ಇಳಿಸಿದನು. ಗವರ್ನರ್ ಜನರಲ್ಲನು ಮತ್ತೂ ಇಳಿಸಿ ನಾಲ್ಕು ವರ್ಷದ ಸೆರೆವಾಸವೆಂದು ಗೊತ್ತುಮಾಡಿದನು. ಜಾತಕವು ಸುಳ್ಳಾಯಿತೆಂದು ಟೇಲರನಿಗೆ ಸಮಾಧಾನವಾಯಿತು. ಆದರೆ ಮದ್ರಾಸು ಸೀಮೆಯ ಕೋಟೆಗೆ ಕರೆದೊಯ್ಯುತ್ತಿರುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ದೊರೆಯು ಅಸುನೀಗಿದನು. ಗುಂಡು ಕೈತಪ್ಪಿ ಹಾರಿತೋ, ಆತನೇ ಹಾರಿಸಿಕೊಂಡನೋ, ಕಂಡವರಿರಲಿಲ್ಲ. ಆಗ ಆತನಿಗೆ ಇಪ್ಪತ್ತನಾಲ್ಕನೆಯ ವರ್ಷವು ನಡೆಯುತ್ತಿದ್ದಿತು. ಸುರಪುರವು ಸಂಸ್ಥಾನವಾಗಿ ಉಳಿಯಲಿಲ್ಲ. 1860ರಲ್ಲಿ ಅದನ್ನು ನಿಜಾಮರಿಗೆ ಕೊಡಲಾಯಿತು.

ಇಲ್ಲಿ ಕನ್ನಡ ವಾಚಕನ ಮನಸ್ಸು ಎರಡು ಕಡೆಗೆ ಎಳೆಯಲ್ಪಡುವುದು. ಸುಳ್ಳು ತೂಕವನ್ನೂ ದರೋಡೆಯನ್ನೂ ಅಡಗಿಸಿದ ಈ ಕಂಟಕಶೋಧಕನು ಜನಹಿತೈಷಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಆತನು ಯಾರ ಅಪ್ಪಣೆಯಿಂದ ಬಂದನೋ ಆ ಕುಂಪಣಿಯೇ ಸುರಪುರದವರ ಕಾಲಿಗೆ ನೆಟ್ಟ ಮುಳ್ಳಲ್ಲವೆ? ವೆಂಕಟಪ್ಪನಾಯಕನು ಆ ಮುಳ್ಳನ್ನು ಕೀಳುವುದಕ್ಕೆ ಹೊರಟವನೆಂದೇ ನಾಡವರು ಆತನನ್ನು ಇಂದಿಗೂ ನೆನೆಯುತ್ತಿರುವರು. ಟೇಲರನು ಹುಡುಗನ ಸಹವಾಸದೋಷವನ್ನೂ ದುಡುಕನ್ನೂ ಕಾರಣವಾಗಿ ಹೇಳುವನು. ಬಂಡಾಯಕ್ಕೆ ಬೇರೊಂದು ನ್ಯಾಯವಿರಬಹುದೆಂಬುದು ಆತನಿಗೆ ಹೊಳೆದಂತೆ ಕಾಣುವುದಿಲ್ಲ. ದೂರು ಬಾರದ ಸೀಮೆಯನ್ನು ನೆಮ್ಮದಿಯ ಸೀಮೆಯೆಂದು ತಿಳಿದ ತರುಣನ ದೋಷವು ಮುದುಕನಲ್ಲಿಯೂ ಉಳಿದಿತ್ತೆಂದು ತೋರುತ್ತದೆ. ಪ್ರೀತಿಯಿಂದ ‘ಅಪ್ಪಾ’ ಎನ್ನುವವನು ಮನಸ್ಸಿನಲ್ಲಿ ಬೇರೆ ದೂರನ್ನು ಇಟ್ಟುಕೊಂಡಿರಬಹುದೆಂದು ಆತನು ಶಂಕಿಸಲಿಲ್ಲ.

ಟೇಲರನು 1860ರಲ್ಲಿ ಕುಗ್ಗಿದ ದೇಹದಿಂದ ಸ್ವದೇಶಕ್ಕೆ ಮರಳಿದನು. ಅಲ್ಲಿ ‘ತಾರಾ’ (1863), ‘ಸೀತಾ’ (1872) ಮೊದಲಾದ ಕಾದಂಬರಿಗಳನ್ನೂ ಹಿಂದೂದೇಶದ ಇತಿಹಾಸವನ್ನೂ ರಚಿಸಿದನು. ಕಡೆಗೆ ಕಣ್ಣು ಮಂದವಾದರೂ ದಖ್ಖನಿನ ಹಂಬಲವು ಹೋಗದೆ, ಸಾಲಾರ್ ಜಂಗನ ಕರೆಯ ಮೇರೆಗೆ 1875ರಲ್ಲಿ ಹೈದರಾಬಾದಿಗೆ ಬಂದನು. ಅಲ್ಲಿ ದೃಷ್ಟಿಯು ಪೂರ್ತಿಯಾಗಿ ಹೋಯಿತು. ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸ್ ದೇಶದ ಮಾಂತೋನ್ ಎಂಬಲ್ಲಿ ತೀರಿಕೊಂಡನು. ‘ಸ್ಟೋರಿ ಆಫ್ ಮೈ ಲೈಫ್’ ಎಂಬ ಆತ್ಮಕಥೆಯನ್ನು ಮಗಳು ಆಲಿಸಳು ಮರುವರ್ಷ ಪ್ರಕಟಪಡಿಸಿದಳು.

ಅಧಿಕಾರದಲ್ಲಿದ್ದವರು ಬರೆದ ನೆನಪುಗಳಲ್ಲಿ ಗೆಲುವುಗಳೇ ಹೆಚ್ಚು. ಈ ಪುಸ್ತಕದಲ್ಲಿ ಹಿಟ್ಟಿನ ನಗೆಯ ಜೊತೆಗೆ ಕಾಣದೆ ಹೋದ ಹೆಣಗಳೂ, ಕೈಯಾರೆ ಬೆಳೆಸಿದರೂ ಉಳಿಸಿಕೊಳ್ಳಲಾಗದ ಹುಡುಗನೂ ಇರುವರು. ಸುರಪುರದ ಗುಡ್ಡವನ್ನು ಹತ್ತುವವರು ಟೇಲರನ ಬಂಗಲೆಯನ್ನು ನೋಡುವರು. ನಾಯಕರ ಅರಮನೆಯನ್ನೂ ನೋಡುವರು. ಆ ಎರಡು ಮನೆಗಳ ನಡುವಣ ದಾರಿಯಲ್ಲಿ ಒಮ್ಮೆ ಒಬ್ಬ ಬಾಲಕನು ಓಡಾಡುತ್ತಿದ್ದನೆಂಬುದನ್ನು ನೆನೆದರೆ, ಗತಕಾಲವನ್ನು ಕುರಿತು ತೀರ್ಪು ಹೇಳುವ ನಾಲಗೆಯು ತಾನಾಗಿಯೇ ಸ್ವಲ್ಪ ಮೆತ್ತಗಾಗುವುದು.