ಹಿಮ ಅಗೆಯುವ ಊರಿನ ಲೆಕ್ಕ

ಸ್ನೋ ಅಂದ್ರೆ ನಮಗೆ ಮನಾಲಿ ಟ್ರಿಪ್ಪು, ನಾಲ್ಕು ರೀಲ್ಸು. ಇನ್ನೂರು ವರ್ಷದ ಹಿಂದೆ ಎದೋ, ಅಂದ್ರೆ ಈಗಿನ ಟೋಕಿಯೋದ ಜನರೂ ಹೆಚ್ಚುಕಮ್ಮಿ ಹೀಗೇ. ಹಿಮ ಬಿತ್ತಾ? ಕುಡಿಯೋಣ, ಕವಿತೆ ಕಟ್ಟೋಣ. ಇದನ್ನ ನೋಡಿ ಒಬ್ಬ ವ್ಯಾಪಾರಿಗೆ ಸಹಿಸೋಕೆ ಆಗಲಿಲ್ಲ. ಹೆಸರು ಸುಜುಕಿ ಬೊಕುಶಿ. ಬೈಕಿಗೂ ಇವನಿಗೂ ಸಂಬಂಧ ಇಲ್ಲ!

ಬೊಕುಶಿ ಹುಟ್ಟಿದ್ದು 1770ರಲ್ಲಿ, ಶಿಯೋಜಾವಾ ಅನ್ನೋ ಸಣ್ಣ ಊರಲ್ಲಿ. ಈಗಿನ ನೀಗಾಟಾ ಪ್ರಾಂತ್ಯ. ಸೈಬೀರಿಯಾ ಕಡೆಯ ಗಾಳಿ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬಂದು, ಬೆಟ್ಟಕ್ಕೆ ಬಡಿದು, ಅಷ್ಟನ್ನೂ ಇಲ್ಲಿ ಹಿಮವಾಗಿ ಸುರಿಯುತ್ತೆ. ವರ್ಷದಲ್ಲಿ ಹಿಮ ಕಾಣದ ತಿಂಗಳು ಬರೀ ನಾಲ್ಕು ಅಂತ ಬೊಕುಶಿ ಬರೀತಾನೆ. ಅಲ್ಲಿ ಹಿಮ ಗುಡಿಸೋದು ಅನ್ನಲ್ಲ, ಅಗೆಯೋದು ಅಂತಾರೆ, ಮಣ್ಣು ಅಗೆದ ಹಾಗೆ. ಅಗೆಯದಿದ್ರೆ ಬಾಗಿಲು ಮುಚ್ಚಿಹೋಗುತ್ತೆ, ಸೂರು ಕುಸಿಯುತ್ತೆ. ಹಗಲಲ್ಲೂ ಮನೆಯೊಳಗೆ ಕತ್ತಲೆ.

ಅಷ್ಟು ತಿಂಗಳು ಹೊಲಗೆಲಸ ಇಲ್ಲ ಅಂದ್ಮೇಲೆ ಹೊಟ್ಟೆಗೇನು ಮಾಡ್ತಿದ್ರು? ನನ್ನಂಥ ಬಿಕಾಂ ಓದಿದವರಿಗೆ ಇಲ್ಲೇ ಕಿವಿ ನೆಟ್ಟಗಾಗೋದು.

ಉತ್ತರ ಚಿಜಿಮಿ. ಒಂದು ಗಿಡದ ನಾರಿನಿಂದ ನೇಯ್ದ, ಸಣ್ಣ ಸುಕ್ಕಿರುವ ತೆಳು ಬಟ್ಟೆ. ಸುಕ್ಕಿನಿಂದಾಗಿ ಮೈಗೆ ಅಂಟಲ್ಲ. ಹಾಗಾಗಿ ಎದೋದ ಸಮುರಾಯ್‌ಗಳಿಗೆ ಬೇಸಿಗೆಗೆ ಇದೇ ಬೇಕು. ಆ ನೂಲು ಒಣಗಾಳಿಗೆ ಪಟ್ ಅಂತ ತುಂಡಾಗುತ್ತೆ, ಹಿಮಗಾಲದ ತೇವ ಇದ್ರೆ ಮಾತ್ರ ಮಗ್ಗದ ಮೇಲೆ ನಿಲ್ಲುತ್ತೆ. ನೇಯ್ದ ಮೇಲೆ, ಚಳಿಗಾಲದ ಕೊನೆಯ ಬಿಸಿಲಲ್ಲಿ ಹಿಮದ ಮೇಲೇ ಹಾಸಿ ಬಿಳುಪು ಮಾಡೋದು. ಅಂದ್ರೆ ಸೂರು ಮುರಿಯೋ ಹಿಮವೇ ಊರಿನ ಬಂಡವಾಳ. ಬೊಕುಶಿ ಮನೆಯವರದ್ದೂ ಇದೇ ವ್ಯಾಪಾರ, ಜೊತೆಗೆ ಗಿರವಿ ಅಂಗಡಿ.

ಆದರೆ ನೇಯ್ತಾ ಇದ್ದವರು ಯಾರು? ಹೆಣ್ಣುಮಕ್ಕಳು. ಸೊಸೆ ಹುಡುಕುವಾಗ ಮೊದಲು ಕೇಳ್ತಿದ್ದದ್ದು ನೇಯ್ಗೆ ಹೇಗೆ ಅಂತ, ರೂಪ ಆಮೇಲೆ. ಬೊಕುಶಿ ಒಬ್ಬ ಹುಡುಗಿಯ ಕಥೆ ಹೇಳ್ತಾನೆ. ಅವಳಿಗೆ ಒಳ್ಳೆ ದರ್ಜೆಯ ಬಟ್ಟೆಯ ಆರ್ಡರ್ ಸಿಕ್ಕಿತು. ಜೀವ ತೇಯ್ದು ನೇಯ್ದಳು. ಬಿಳುಪಾಗಿ ವಾಪಸ್ ಬಂದಾಗ ನೋಡಿದ್ರೆ ಮಸಿಬಣ್ಣದ ಒಂದು ಸಣ್ಣ ಕಲೆ. ಬಟ್ಟೆಯನ್ನ ಮುಖಕ್ಕೆ ಒತ್ತಿಕೊಂಡು ಅತ್ತಳು, ಅವತ್ತಿಂದ ಬುದ್ಧಿ ಸ್ಥಿಮಿತ ತಪ್ಪಿತು. ಲಾಭ-ನಷ್ಟದ ಪಟ್ಟಿಯಲ್ಲಿ ಇದನ್ನ ಯಾವ ಕಾಲಮ್ಮಿಗೆ ಹಾಕ್ತೀರಿ? ಬಟ್ಟೆ ಮಾರುವವನೇ ಇದನ್ನ ಮುಚ್ಚಿಡದೆ ಬರೆದ ಅನ್ನೋದಕ್ಕೆ ಬೊಕುಶಿ ನನಗೆ ಇಷ್ಟ.

ಪುಸ್ತಕದ ಹೆಸರು ಹೊಕುಎತ್ಸು ಸೆಪ್ಪು. ಎದೋದ ದೊಡ್ಡ ದೊಡ್ಡ ಲೇಖಕರ ಬೆನ್ನು ಹತ್ತಿ ಸುಮಾರು 40 ವರ್ಷ ಅಲೆದ. 1837ರಲ್ಲಿ ಅಚ್ಚಾದಾಗ ಅವನು ಮುದುಕ. ಪುಸ್ತಕವೋ, ಚೆನ್ನಾಗಿ ಓಡ್ತು! ಐದು ವರ್ಷಕ್ಕೆ ತೀರಿಕೊಂಡ.

ಶಿಯೋಜಾವಾ ಈಗ ಮಿನಾಮಿ-ಉಓನುಮಾ ನಗರದ ಭಾಗ. ಆ ಸೀಮೆಯ ನೇಯ್ಗೆ 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಚಳಿಗಾಲ ಮುಗಿಯೋ ಹೊತ್ತಿಗೆ ಅಲ್ಲಿ ಹೋದ್ರೆ, ಹಿಮದ ಮೇಲೆ ಉದ್ದುದ್ದ ಬಟ್ಟೆ ಹಾಸಿರೋದು ಇವತ್ತೂ ಕಾಣುತ್ತೆ.