ಈಚಲ ಮರದ ಕೆಳಗೆ

‘ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ’ ಎಂಬ ಗಾದೆಯನ್ನು ವಾಚಕರೆಲ್ಲರೂ ಬಲ್ಲಿರಿ. ಕುಡಿದದ್ದು ಮಜ್ಜಿಗೆಯೇ ಆದರೂ ನೋಡಿದವರು ಹೆಂಡವೆಂದೇ ಬಗೆಯುತ್ತಾರೆ. ಹೆಂಡದಂಗಡಿಯ ಚರಿತ್ರೆಯನ್ನು ಬರೆಯಹೊರಟ ಉಪಾಧ್ಯಾಯನ ಪಾಡೂ ಇಂಥದೇ. ಆದರೆ ನಾಡಿನ ಚರಿತ್ರೆ ಎಂಬುದು ಕೋಟೆಕೊತ್ತಲಗಳ, ಅರಸರ ಬಿರುದುಬಾವಲಿಗಳ ಚರಿತ್ರೆ ಮಾತ್ರವಲ್ಲ. ಹಗಲೆಲ್ಲ ದುಡಿದವನು ಸಂಜೆಗೆ ಎಲ್ಲಿ ಕುಳಿತ, ಏನನ್ನು ಕುಡಿದ, ಅವನು ತೆತ್ತ ಕಾಸು ಯಾರ ಬೊಕ್ಕಸವನ್ನು ಸೇರಿತು ಎಂಬುದೂ ಚರಿತ್ರೆಯೇ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿದರೆ ಬರುವ ಮೊದಲ ಉತ್ತರ ಸೇಂದಿ.

ಹೆಸರಿನಿಂದಲೇ ಪ್ರಾರಂಭಿಸೋಣ. ಹಳಗನ್ನಡದಲ್ಲಿ ಇದು ‘ಕಳ್’. ನೆರೆಯ ತಮಿಳು, ತೆಲುಗು, ಮಲಯಾಳಗಳಲ್ಲಿಯೂ ಇದೇ ಮಾತು ಸ್ವಲ್ಪ ಸ್ವಲ್ಪ ಭೇದದಿಂದ ಉಳಿದುಕೊಂಡಿದೆ. ಮೈಸೂರ ಕಡೆಯವರು ಹೆಂಡವೆನ್ನುತ್ತಾರೆ. ನಮ್ಮ ಸೀಮೆಯ ಬಾಯಲ್ಲಿ ಅದು ಸೇಂದಿ ಇಲ್ಲವೆ ಶಿಂದಿ. ಮರಾಠಿಯಲ್ಲಿ ಶಿಂದಿಯೆಂದರೆ ಈಚಲ ಮರ. ಮರದ ಹೆಸರೇ ಅದರ ರಸಕ್ಕೂ ಬಂದಿತು. ಮರವೇರಿ ಈ ರಸವನ್ನು ಇಳಿಸುವವನು ಈಡಿಗ, ನಮ್ಮ ಕಡೆ ಈಳಿಗೇರ. ಮಾರಾಟದ ಹಕ್ಕನ್ನು ಸರಕಾರದಿಂದ ಗುತ್ತಿಗೆ ಹಿಡಿದವನು ಗುತ್ತೇದಾರ. ಇದರ ಮೇಲಣ ಸುಂಕಕ್ಕೆ ಅಬಕಾರಿ ಎಂಬ ಪಾರಸಿ ಹೆಸರು. ಆಬ್ ಎಂದರೆ ನೀರು, ಕಾರ್ ಎಂದರೆ ಕೆಲಸ. ಒಂದು ಮಣ್ಣಿನ ಗಡಿಗೆಯ ಸುತ್ತ ದ್ರಾವಿಡ, ಮರಾಠಿ, ಪಾರಸಿ ಮಾತುಗಳು ಹೀಗೆ ಒಟ್ಟುಗೂಡಿವೆ. ಈ ಸೀಮೆಯನ್ನು ಆಳಿದವರ ಚರಿತ್ರೆ ಆ ಮಾತುಗಳಲ್ಲಿಯೇ ಅಡಗಿದೆ.

ಸೇಂದಿಯನ್ನು ಮನುಷ್ಯನು ತಯಾರಿಸುವುದಿಲ್ಲ, ಇಳಿಸುತ್ತಾನೆ ಎಂಬುದನ್ನು ವಾಚಕರು ಗಮನಿಸಬೇಕು. ಹಳ್ಳದ ದಂಡೆಯ ಈಚಲ ಮರಕ್ಕೆ ಚಳಿಗಾಲದಲ್ಲಿ ಗರಿಗಳ ಬುಡದ ಕೆಳಗೆ ಬಾಚಿಯಿಂದ ಮೆಲ್ಲನೆ ಸವರಿ ಗಾಯ ಮಾಡುತ್ತಾರೆ. ಸಂಜೆ ಗಡಿಗೆ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಸೂರ್ಯ ಮೂಡುವ ಮುನ್ನ ಇಳಿಸಬೇಕು. ಒಂದು ವರ್ಷ ಮರದ ಒಂದು ಮಗ್ಗುಲಲ್ಲಿ ಗಾಯ ಮಾಡಿದರೆ ಮರುವರ್ಷ ಎದುರು ಮಗ್ಗುಲಲ್ಲಿ. ಹಳೆಯ ಈಚಲ ಮರಗಳ ಕಾಂಡ ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕಾಗಿರುವುದಕ್ಕೆ ಇದೇ ಕಾರಣ. ಆ ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ಆ ಮರ ಗಡಿಗೆ ತುಂಬಿತೆಂದು ಹೇಳಬಹುದು. ತಾಳೆಯ ಮರದಲ್ಲಾದರೋ ಹೂಗೊನೆಯ ತುದಿಯನ್ನು ಕೊಯ್ದು ರಸ ಹಿಡಿಯುತ್ತಾರೆ. ಅದು ಬೇಸಗೆಯ ಬೆಳೆ. ಗಾಯ ಆಳವಾದರೆ ಮರ ಸಾಯುತ್ತದೆ, ಮೇಲೆಯೇ ಉಳಿದರೆ ರಸ ಬಾರದು. ಈ ಅಳತೆ ತಂದೆಯ ಕೈಯಿಂದ ಮಗನ ಕೈಗೆ ಬರುವಂಥದು.

ಇಳಿಸಿದ ರಸ ಸಿಹಿ. ಗಡಿಗೆಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾಗಿಯೇ ನಿಲ್ಲುತ್ತದೆ, ಅದೇ ನೀರಾ. ಬಳಿಯದಿದ್ದರೆ ಗಾಳಿಯಲ್ಲಿಯೂ ಹಳೆಯ ಗಡಿಗೆಯ ಮೈಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಸೇರಿ ಕೆಲವೇ ಗಳಿಗೆಗಳಲ್ಲಿ ನೊರೆಯೆಬ್ಬಿಸುತ್ತವೆ. ಬೆಳಗಿನ ಸೇಂದಿ ಸಿಹಿ, ಮಧ್ಯಾಹ್ನದ್ದು ಹುಳಿಸಿಹಿ, ಸಂಜೆಯದು ಹುಳಿ ಮತ್ತು ಒಗರು. ಮರುದಿನದ್ದು ಬರಿಯ ಕಾಡಿ. ಆದಕಾರಣ ಸೇಂದಿಯ ರುಚಿಯೆಂದರೆ ಹೊತ್ತಿನ ರುಚಿ. ಬಲ್ಲವರು ಒಂದು ಗುಟುಕಿನಲ್ಲಿ ಇದು ಈಚಲದ್ದೋ ತಾಳೆಯದೋ, ಎಷ್ಟು ಹೊತ್ತಿಗೆ ಮುಂಚೆ ಇಳಿದದ್ದು ಎಂದು ಹೇಳುತ್ತಿದ್ದರು. ಬಟ್ಟಿಯಿಳಿಸಿದ ಸಾರಾಯಿ ಕೆಡದು, ರೈಲನ್ನೇರಿ ದೂರ ಹೋದೀತು. ಸೇಂದಿ ದೂರ ಹೋಗಲಾರದು. ಬನವಿದ್ದಲ್ಲಿ ಮಾತ್ರ ಅಂಗಡಿ ಇರಬೇಕಾಗಿತ್ತು. ಈಳಿಗೇರನೂ ಕುಡಿಯುವವನೂ ಒಬ್ಬರ ಮುಖವನ್ನೊಬ್ಬರು ದಿನವೂ ಕಾಣುತ್ತಿದ್ದರು. ಕೆಟ್ಟ ಗಡಿಗೆ ಕೊಟ್ಟವನು ಮರುದಿನ ಅದೇ ಜನರಿಗೆ ಮುಖ ತೋರಿಸಬೇಕಾಗಿತ್ತು.

ನಮ್ಮ ಸಾಹಿತ್ಯದಲ್ಲಿ ಈ ಪಾನದ ಪ್ರಸಂಗ ಹೊಸತೇನಲ್ಲ. 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಬೆಳುದಿಂಗಳ ರಾತ್ರಿಯ ಪಾನಗೋಷ್ಠಿಯ ವರ್ಣನೆ ಬರುತ್ತದೆ. ಕಲ್ಯಾಣದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಕ್ರೀಡೆಗಳಲ್ಲಿ ಮದಿರಾಪಾನಕ್ರೀಡೆಯೂ ಒಂದು. ಇವೆಲ್ಲ ಕುಡಿಯುವವರ ಕಡೆಯ ಮಾತು. ಅದೂ ಸಿರಿವಂತರ ಮಾತು. ಗಡಿಗೆಯನ್ನು ಹೊತ್ತವನ ಮಾತು ಕೇಳಬೇಕಾದರೆ ಅದೇ ಶತಮಾನದ ಶರಣರ ಬಳಿಗೆ ಬರಬೇಕು. ಸುರಪುರದ ಸೀಮೆಗೆ ಶರಣರು ಹೊರಗಿನವರಲ್ಲ. ಮುದನೂರಿನ ದಾಸಿಮಯ್ಯ, ಕೆಂಭಾವಿಯ ಭೋಗಣ್ಣ ಈ ನೆಲದವರೇ. ಅವರ ಬಳಗದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ಆ ಕಾಯಕದ ಭಾಷೆಯಲ್ಲಿಯೇ ಅವನು ವಚನಗಳನ್ನು ನುಡಿದ. ಗಡಿಗೆ, ರಸ, ಅಮಲು ಇವೇ ಅವನಿಗೆ ಅನುಭಾವದ ಸಾಮಗ್ರಿ. ಅನುಭವ ಮಂಟಪದ ಪರಂಪರೆ ಅವನನ್ನು ಹೊರಗಿಡಲಿಲ್ಲ, ಅವನ ಹೆಸರಿನಿಂದ ಹೆಂಡವನ್ನು ಅಳಿಸಿ ಹಾಕಲೂ ಇಲ್ಲ.

ಮರಕ್ಕೂ ಗಡಿಗೆಗೂ ಇದ್ದ ನಂಟಿನ ನಡುವೆ ಬೊಕ್ಕಸ ಬಂದು ಕುಳಿತದ್ದು ಮುಂದಿನ ಕಥೆ. ಸುರಪುರ ನಾಯಕ ಅರಸರ ಸಂಸ್ಥಾನವಾಗಿತ್ತು. 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕರು ಮಡಿದ ಮೇಲೆ, 1860ರ ಒಪ್ಪಂದದಿಂದ ಅದು ನಿಜಾಮರ ಕೈಸೇರಿತು. ಹೈದರಾಬಾದು ಸಂಸ್ಥಾನದ ಆದಾಯದಲ್ಲಿ ಭೂಕಂದಾಯದ ತರುವಾಯ ಅಬಕಾರಿಯದೇ ದೊಡ್ಡ ಪಾಲು. ಸಾಲಾರ್ ಜಂಗರು 1865ರ ಜಿಲ್ಲಾಬಂದಿಯಿಂದ ಭೂಕಂದಾಯವನ್ನು ಸರಕಾರಿ ನೌಕರರ ಕೈಗೆ ತಂದರು. ಅಬಕಾರಿಯಲ್ಲಿ ಮಾತ್ರ ಗುತ್ತೆಯ ಪದ್ಧತಿ ಉಳಿಯಿತು. ಸವಾಲಿನಲ್ಲಿ ಹೆಚ್ಚು ಕೂಗಿದವನಿಗೆ ಅಂಗಡಿ. ಮರವೊಂದಕ್ಕೆ ಇಷ್ಟೆಂದು ತೆರಿಗೆ. ತನ್ನ ಹೊಲದ ಬದುವಿನ ಮರವನ್ನು ಅಪ್ಪಣೆಯಿಲ್ಲದೆ ಇಳಿಸಿದವನು ಅಪರಾಧಿ. ಅದುವರೆಗೆ ಈಳಿಗೇರನ ಲೆಕ್ಕ ಮರದ ಲೆಕ್ಕವಾಗಿತ್ತು. ಮರ ಎಷ್ಟು ಕೊಟ್ಟಿತೋ ಅಷ್ಟು. ಗುತ್ತೇದಾರನ ಲೆಕ್ಕ ಹಣದ ಲೆಕ್ಕ. ಮರ ಕೊಡಲಿ ಬಿಡಲಿ, ಕೂಗಿದ ಹಣ ಕಟ್ಟಲೇಬೇಕು. ಗಡಿಗೆಗೆ ನೀರು ಸೇರುವ ಬಾಗಿಲು ತೆರೆದದ್ದು ಅಲ್ಲಿಯೇ.

ಬೊಕ್ಕಸದ ಆಸೆ ಮರದ ಮೇಲಿದ್ದುದರಿಂದ ಬೊಕ್ಕಸದ ವೈರಿಗಳ ಕೋಪವೂ ಮರದ ಮೇಲೆಯೇ ಬಿತ್ತು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದರು. ನಮ್ಮ ಸೀಮೆಯಲ್ಲಿ ಸರದಿ ಬಂದದ್ದು 1947ರಲ್ಲಿ. ದೇಶವೆಲ್ಲ ಸ್ವತಂತ್ರವಾದರೂ ನಿಜಾಮರು ಒಕ್ಕೂಟವನ್ನು ಸೇರಲೊಪ್ಪಲಿಲ್ಲ. ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ಸು ಹೂಡಿದ ಹೋರಾಟದ ಕಾರ್ಯಕ್ರಮಗಳಲ್ಲಿ ಸೇಂದಿ ಮರ ಕಡಿಯುವುದೂ ಸೇರಿತ್ತು. ಒಂದೊಂದು ಮರ ಉರುಳಿದಾಗಲೂ ನಿಜಾಮರ ಆದಾಯ ಅಷ್ಟಷ್ಟು ಕುಗ್ಗುತ್ತಿತ್ತು. ಆ ಧೈರ್ಯಕ್ಕೆ ತಲೆಬಾಗೋಣ. ಆದರೆ ಆ ಮರವನ್ನೇ ನಂಬಿದ್ದ ಈಳಿಗೇರನ ಸಂಸಾರಕ್ಕೂ ಅದು ಪೆಟ್ಟೆಂಬುದನ್ನು ಮರೆಯಬಾರದು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಒಕ್ಕೂಟವನ್ನು ಸೇರಿತು. 1956ರ ನವೆಂಬರ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ತಾನೇ ಜಿಲ್ಲೆಯಾಯಿತು. ಆಳುವವರು ಬದಲಾದರೂ ಸೇಂದಿಯ ಪಾಡು ಬದಲಾಗಲಿಲ್ಲ. ಬನಗಳು ಕರಗಿದವು, ಬೇಡಿಕೆ ಕರಗಲಿಲ್ಲ. ಆ ತೆರವನ್ನು ತುಂಬಿದ್ದು ಪುಡಿ. ನಿದ್ರೆ ಬರಿಸುವ ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕವನ್ನು ನೀರಿಗೆ ಬೆರೆಸಿ, ಬಿಳುಪೂ ನೊರೆಯೂ ಬರುವಂತೆ ಮಾಡಿ ಸೇಂದಿಯೆಂದು ಮಾರುವ ದಂಧೆ ರಾಯಚೂರು, ಯಾದಗಿರಿಗಳ ಗಡಿಯಲ್ಲಿ ಬೇರುಬಿಟ್ಟಿತು. ಈ ಪುಡಿಗೆ ಮೈ ಒಗ್ಗಿದವನು ಕುಡಿದರೂ ಕೆಡುತ್ತಾನೆ, ಥಟ್ಟನೆ ಬಿಟ್ಟರೂ ಕೆಡುತ್ತಾನೆ. 2015ರಲ್ಲಿ ನೆರೆಯ ತೆಲಂಗಾಣದಲ್ಲಿ ಬೆರಕೆ ಸೇಂದಿಯನ್ನು ತಡೆದಾಗ ಅನೇಕರು ನಡುಕ, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ಇಂದು ನಮ್ಮ ಸೀಮೆಯಲ್ಲಿ ಸೇಂದಿ ಇಳಿಸಿ ಮಾರಲು ಅನುಮತಿಯಿಲ್ಲ. ಆದರೂ ಸೇಂದಿಯ ಹೆಸರಿನ ವಿಷ ಕದ್ದು ಬರುತ್ತಲೇ ಇದೆ. ಮರದ ರಸ ಹೋಯಿತು, ಹೆಸರು ಮಾತ್ರ ಉಳಿಯಿತು.

ಇಂಗ್ಲೆಂಡಿನ ಒಂದು ಸಂಗತಿಯನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿಯ ಹಳೆಯ ಪಬ್ಬುಗಳಲ್ಲಿ ಕಾಸ್ಕ್ ಏಲ್ ಎಂಬ ಯವದ ಪಾನೀಯವುಂಟು. ನೆಲಮಾಳಿಗೆಯ ಪೀಪಾಯಿಯಲ್ಲಿ ಅದು ಹುದುಗುತ್ತಲೇ ಇರುತ್ತದೆ. ಕೈಯಿಂದ ಪಂಪು ಮಾಡಿ ಎಳೆದು ಕೊಡುತ್ತಾರೆ. ತೆರೆದ ಪೀಪಾಯಿ ಕೆಲವೇ ದಿನ ಬಾಳುತ್ತದೆ. ನಮ್ಮ ಗಡಿಗೆಯಂತೆ ಅದೂ ಜೀವಂತ ವಸ್ತು. ದೊಡ್ಡ ಕಾರಖಾನೆಗಳು ಸೋಸಿ, ಅನಿಲ ತುಂಬಿದ ಬಿಯರನ್ನು ಎಲ್ಲೆಡೆ ಹರಡತೊಡಗಿದಾಗ, 1971ರಲ್ಲಿ ನಾಲ್ವರು ಕೂಡಿ ಕ್ಯಾಂಪೇನ್ ಫಾರ್ ರಿಯಲ್ ಏಲ್ ಎಂಬ ಸಂಘ ಕಟ್ಟಿದರು. ಕುಡಿಯುವವರೇ ತಮ್ಮ ಪಾನೀಯದ ಶುದ್ಧಿಗಾಗಿ ಮಾತನಾಡಿದರು. ಹಳೆಯ ಪೀಪಾಯಿ ಉಳಿಯಿತು.

ನಮ್ಮಲ್ಲಿ ಗಡಿಗೆಯ ಪರವಾಗಿ ಮಾತನಾಡಿದವರು ಯಾರು? ಬೊಕ್ಕಸದವರು ಅದರಲ್ಲಿ ಹಣವನ್ನು ಕಂಡರು, ಸುಧಾರಕರು ಪಾಪವನ್ನು ಕಂಡರು. ಒಬ್ಬರು ಮರವನ್ನು ಹರಾಜು ಹಾಕಿದರು, ಇನ್ನೊಬ್ಬರು ಕಡಿದರು. ಮರವೇರಿದವನನ್ನೂ ಮರದ ಕೆಳಗೆ ಕುಳಿತವನನ್ನೂ ಎರಡು ಪಕ್ಷದವರೂ ಕೇಳಲಿಲ್ಲ. ಕುಡಿತ ಲೇಸೆಂದು ನಾನು ಹೇಳುತ್ತಿಲ್ಲ. ಕುಡಿತದಿಂದ ಕೆಟ್ಟ ಮನೆಗಳನ್ನು ಶಾಲಾ ಉಪಾಧ್ಯಾಯನಷ್ಟು ಹತ್ತಿರದಿಂದ ಬಲ್ಲವರು ಕಡಮೆ. ಆದರೆ ಸೇಂದಿಗೂ ಪುಡಿಗೂ ಇರುವ ಅಂತರವನ್ನು ಅರಿಯದೆ ಎರಡನ್ನೂ ಒಂದೇ ಹೆಸರಿನಿಂದ ಬೈದರೆ, ವಿಷ ಮಾರುವವನು ಬಚಾವಾಗುತ್ತಾನೆ, ಹೆಂಡದ ಮಾರಯ್ಯನ ಕಾಯಕದವರಿಗೆ ಮಾತ್ರ ಕಳಂಕ ತಗಲುತ್ತದೆ.

ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಹಳ್ಳದ ದಂಡೆಯಲ್ಲಿ ಕಚ್ಚು ಬಿದ್ದ ಹಳೆಯ ಈಚಲ ಮರವೇನಾದರೂ ಕಂಡರೆ, ವಾಚಕರು ಬಂಡಿಯಿಳಿದು ಒಮ್ಮೆ ಆ ಕಚ್ಚುಗಳನ್ನು ಎಣಿಸಿರಿ. ಅವೂ ಒಂದು ಬಗೆಯ ಶಾಸನವೇ. ಬರೆಸಿದ ಅರಸನ ಹೆಸರು ಅದರಲ್ಲಿಲ್ಲ, ಬಾಚಿ ಹಿಡಿದವನ ಕೈಬರಹ ಮಾತ್ರ ಇದೆ.